ಹುಣಸೆಹಣ್ಣಿನಲ್ಲಿ ತಿಕ್ಕಿದ ಕಾರು

ನಮ್ಮ ಹೋಟೆಲಿನ ಹಿಂದಿನ ಷೆಡ್ಡಿನಲ್ಲಿ ಒಂದು ಕಾರು ನಿಂತಿದೆ. ಅಂಥದ್ದು ಭೂಮಿಯ ಮೇಲೆ ಇನ್ನೊಂದಿಲ್ಲವಂತೆ. ಇರಲಿ ಬಿಡಿ. ಐತನಂಥವನೂ ಇನ್ನೊಬ್ಬನಿಲ್ಲ, ಆದರೆ ಅವನನ್ನು ನೋಡಲು ಮದ್ರಾಸಿನ ಆ ತುದಿಯ ಕೀಲ್ಪಾಕಿನಿಂದ ಯಾವ ಡಾಕ್ಟರೂ ಓಡಿ ಬರಲಿಲ್ಲ. ಅದಕ್ಕೇ ನಾನು ಮೊದಲು ಐತನ ವಿಷಯ ಹೇಳುತ್ತೇನೆ. ಕಾರು ನಿಧಾನಕ್ಕೆ ಬರಲಿ, ಹೇಗೂ ಅದು ಓಡುವುದಿಲ್ಲ.

ಐತ ಬೆಳ್ಮಣ್ಣಿನ ಕಡೆಯವನು. ನಮ್ಮ ಮಾವ ಮೈಲಾಪೂರಿನಲ್ಲಿ ಈ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ಇಪ್ಪತ್ತರ ಪ್ರಾಯದಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದ. ಆಗ ಎಲ್ಲವೂ ಹಿತ್ತಾಳೆ. ಸಾಂಬಾರಿನ ಕೊಪ್ಪರಿಗೆ, ನೀರಿನ ಹಂಡೆ, ಕಾಫಿಯ ಬಾಯ್ಲರು. ಹೊರಮೈಯನ್ನು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಲ್ಲಿ ಮುಖ ಕಾಣುವ ಹಾಗೆ ತಿಕ್ಕಬೇಕು. ಒಳಗೆ ಮಾತ್ರ ಹಾಗೆ ತಿಕ್ಕುವ ಹಾಗಿಲ್ಲ. ಒಳಗೆ ಬೆಳ್ಳಗೆ ಕಲಾಯಿ ಇರುತ್ತದೆ, ಅದು ಹೋದರೆ ಹುಳಿ ಪದಾರ್ಥ ಕಿಲುಬು ಹಿಡಿದು ಗಿರಾಕಿಗಳ ಹೊಟ್ಟೆ ಕೆಡುತ್ತದೆ. ಹೊರಗೆ ಹಳದಿ, ಒಳಗೆ ಬಿಳಿ. ಐತ ಕಲಿತ ವಿದ್ಯೆ ಇಷ್ಟೇ, ಇದನ್ನು ಅವನು ಚೆನ್ನಾಗಿ ಕಲಿತಿದ್ದ.

ಊರಿಗೆ ಹೋಗಿ ಮದುವೆಯಾಗಿ ಬಂದ. ಹೆಂಡತಿಯ ಹೆಸರು ಅಪ್ಪಿ. ಮೊದಲ ಹೆರಿಗೆಯಲ್ಲೇ ತಾಯಿ, ಮಗು ಇಬ್ಬರೂ ಹೋದರು. ಟೆಲಿಗ್ರಾಂ ಬಂದು, ಇವನು ರೈಲು ಹತ್ತಿ, ಬಸ್ಸು ಹತ್ತಿ ಊರು ಮುಟ್ಟುವಾಗ ಎಲ್ಲ ಮುಗಿದಿತ್ತು. ಉತ್ತರಕ್ರಿಯೆಯ ಬೊಜ್ಜ ಮುಗಿಸಿಕೊಂಡು ವಾಪಸು ಬಂದವನು ಮತ್ತೆ ಮದುವೆಯ ಮಾತೆತ್ತಲಿಲ್ಲ. ಇದೆಲ್ಲ ನಮ್ಮ ಅತ್ತೆ ಹೇಳಿ ನನಗೆ ಗೊತ್ತು. ನಾನು ಸೊಸೆಯಾಗಿ ಬರುವಷ್ಟರಲ್ಲಿ ಅದು ಹಳೆಯ ಸಂಗತಿಯಾಗಿತ್ತು. ನಾನು ಕಂಡ ಐತ ಯಾವಾಗಲೂ ನಗುವ ಐತ. ನನ್ನನ್ನು 'ವಿಮಲಕ್ಕ' ಎಂದು ಕರೆಯುವವನು, ನಾನು ಬೈದರೆ ಇನ್ನೂ ಜೋರಾಗಿ ನಗುವವನು. ಬೈಗುಳಕ್ಕೆ ಬೆಲೆಯೇ ಇಲ್ಲದ ಮನುಷ್ಯನ ಜೊತೆ ಹೋಟೆಲು ನಡೆಸುವುದು ಎಷ್ಟು ಕಷ್ಟ ಎಂದು ನಡೆಸಿದವರಿಗೇ ಗೊತ್ತು.

ಈಗ ಕಾರು. ಆ ಷೆಡ್ಡು, ಪಕ್ಕದ ಹಳೆಯ ಮನೆ, ನಮ್ಮ ಹೋಟೆಲಿನ ಕಟ್ಟಡ ಎಲ್ಲವೂ ಅಂಬುಜಮ್ಮನವರದು. ತಲೆತಲಾಂತರದಿಂದ ಮದ್ರಾಸಿನಲ್ಲೇ ಇರುವ ಮಾಧ್ವರು. ಮನೆಮಾತು ಕನ್ನಡವೇ, ಆದರೆ ಸಾರಿನಲ್ಲಿ ಬೇಳೆ ಎಷ್ಟೋ ಅದರಲ್ಲಿ ತಮಿಳು ಅಷ್ಟು. ಅಂಬುಜಮ್ಮನವರ ಗಂಡ ಗುರುಚರಣ ರಾಯರು ಬಸ್ಸು, ಕಾರುಗಳಿಗೆ ಮೈ ಕಟ್ಟಿಕೊಡುವ ಒಂದು ಕಂಪನಿಯಲ್ಲಿ ಗುಮಾಸ್ತರಾಗಿದ್ದರು. ಐವತ್ತರ ದಶಕದಲ್ಲಿ ಆ ಕಂಪನಿಯವರು ಒಂದು ದೊಡ್ಡ ವಸ್ತುಪ್ರದರ್ಶನದಲ್ಲಿ ಇಡುವುದಕ್ಕೆಂದೇ ಇಂಗ್ಲೆಂಡಿನಿಂದ ಬರೀ ಚಾಸಿ, ಇಂಜಿನ್ ತರಿಸಿ, ಅದರ ಮೇಲೆ ಇಲ್ಲಿನವರ ಕೈಯಿಂದಲೇ ತಗಡು ಬಡಿಸಿ ಒಂದೇ ಒಂದು ಕಾರು ಕಟ್ಟಿಸಿದರು. ಉದ್ದನೆಯ ಮೂತಿ, ದುಂಡಗಿನ ಹಿಂಭಾಗ, ಹಿಂದುಮುಂದಾಗಿ ತೆರೆಯುವ ಬಾಗಿಲು. ಬಣ್ಣ ಕಡುನೀಲಿ. ಮೂತಿಯಿಂದ ಬಾಲದವರೆಗೆ ಎರಡೂ ಬದಿ ಬೆಳ್ಳಿಯಂತೆ ಹೊಳೆಯುವ ಪಟ್ಟಿ. ಮುಂದೆ ರೆಕ್ಕೆ ಬಿಚ್ಚಿದ ಒಂದು ಹಂಸ. ಅದನ್ನು ನೋಡಲು ಜನ ಸಾಲು ನಿಂತಿದ್ದರಂತೆ. ನೋಡಿದರು, ಹೊಗಳಿದರು, ಕೊಳ್ಳುವವರು ಮಾತ್ರ ಯಾರೂ ಬರಲಿಲ್ಲ. ಕೊನೆಗೆ ಕಂಪನಿ ಮುಚ್ಚುವಾಗ ಮೂಲೆಯಲ್ಲಿ ಬಿದ್ದಿದ್ದ ಅದನ್ನು ರಾಯರಿಗೇ ಕೊಟ್ಟುಬಿಟ್ಟರು.

ರಾಯರಿಗೆ ಆ ಕಾರಿನ ಮೇಲೆ ಜೀವ. ಚರ್ಮದ ಸೀಟಿನ ಮೇಲೆ ಕೂತು ಮಠಕ್ಕೆ ಹೋಗುವುದು ಹೇಗೆ? ಮಡಿ ಕೆಡುವುದಿಲ್ಲವೇ? ಮನೆಗೆ ತಂದ ವಾರದಲ್ಲೇ ಚರ್ಮ ಕೀಳಿಸಿ ದಪ್ಪ ಬಟ್ಟೆ ಹೊದಿಸಿದರು. ಅದೊಂದನ್ನು ಬಿಟ್ಟರೆ ಕಾರಿನ ಒಂದು ಮೊಳೆಯನ್ನೂ ಅವರು ಬದಲಿಸಲಿಲ್ಲ. ದಿನಾ ಬೆಳಗ್ಗೆ ತಮ್ಮದೇ ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತಿದ್ದರಂತೆ. ಬೇರೆಯವರ ಉಗುರು ತಾಗಿದರೂ ಉರಿದು ಬೀಳುತ್ತಿದ್ದರಂತೆ. ಬಿಡಿಭಾಗ ಸಿಗದೆ ಕಾರು ನಿಂತಿತು, ಆಮೇಲೆ ರಾಯರೂ ಹೋದರು. ಮಗ ವಿಷ್ಣುತೀರ್ಥ ಬ್ಯಾಂಕಿನಲ್ಲಿದ್ದು ರಿಟೈರಾದ ಸಾಧು ಮನುಷ್ಯ. ಕಾರು ಓಡಿಸುವ ವಿಷಯದಲ್ಲಿ ಮಾತ್ರ ದೇವರಿಗೇ ಪ್ರೀತಿ. ಒಮ್ಮೆ ಕಲಿಯಲು ಹೋಗಿ ಹಾಲಿನ ಬೂತಿಗೆ ಗುದ್ದಿದ ಮೇಲೆ ಸ್ಟೀರಿಂಗ್ ಮುಟ್ಟಿಲ್ಲ.

ಕಾರು ಐತನ ಕೈಗೆ ಬಂದದ್ದು ರಾಯರು ಹೋದ ಮಾರನೆಯ ವರ್ಷ, ಆಯುಧಪೂಜೆಗೆ. ಅಂಬುಜಮ್ಮನವರೇ ಕರೆದು ಒರೆಸಲು ಹೇಳಿದರು. ಇವನು ಹೋಗಿ ನೋಡಿದ. ಬದಿಯ ಪಟ್ಟಿಯ ಮೇಲೆ ಸಮುದ್ರದ ಉಪ್ಪುಗಾಳಿಗೆ ಬಿಳಿ ಹೊಪ್ಪಳೆ ಎದ್ದಿತ್ತು. ಒಂದು ಕಡೆ ಉಗುರಿನಿಂದ ಕೆರೆದರೆ ಕೆಳಗೆ ಹಳದಿ! ಐತನಿಗೆ ಎಲ್ಲ ಅರ್ಥವಾಗಿಹೋಯಿತು. ಯಾರೋ ಬುದ್ಧಿಯಿಲ್ಲದವನು ಹಿತ್ತಾಳೆಯ ಹೊರಗಡೆ ಕಲಾಯಿ ಹಾಕಿಬಿಟ್ಟಿದ್ದಾನೆ, ಒಳಗೆ ಹಾಕಬೇಕಾದದ್ದನ್ನು! ಓಡಿ ಬಂದು ಹುಣಸೆಹಣ್ಣು, ಇಟ್ಟಿಗೆ ಪುಡಿ, ನಾರು ತೆಗೆದುಕೊಂಡು ಹೋದ. ಅಂದು ಒಂದು ಗೇಣು ಹಳದಿ ಬಂತು.

ಮುಂದಿನ ವರ್ಷ ಇನ್ನಷ್ಟು. ನಾನು ಮದುವೆಯಾಗಿ ಬಂದ ವರ್ಷ ಹಂಸದ ಕುತ್ತಿಗೆಯವರೆಗೆ ಹಳದಿಯಾಗಿತ್ತು. ಹೋಟೆಲಿಗೆ ಸ್ಟೀಲ್ ಪಾತ್ರೆ ಬಂದು ಹಿತ್ತಾಳೆಯೆಲ್ಲ ಅಟ್ಟ ಸೇರಿದ ಮೇಲೆ ಐತನ ಕೈಗೆ ಉಳಿದ ಹಿತ್ತಾಳೆ ಅದೊಂದೇ. ಹಬ್ಬಕ್ಕೆ ಒಂದು ವಾರ ಮುಂಚೆ ಹುಣಸೆಹಣ್ಣು ನೆನೆಹಾಕಿ ಕೂರುತ್ತಿದ್ದ. ಪೂಜೆಯ ದಿನ ಷೆಡ್ಡಿನ ಬಾಗಿಲು ತೆರೆದರೆ ಬೀದಿಯ ಜನ ಎಲ್ಲ ಬಂದು 'ತಂಗ ಕಾರ್, ತಂಗ ಕಾರ್' ಎನ್ನುವರು. ಚಿನ್ನದ ಕಾರು! ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ನಾಲ್ಕು ಜನ ಒಂದು ಮಾರು ಮುಂದೆ ತಳ್ಳಿ, ಬೂದುಗುಂಬಳ ಒಡೆದು, ಮತ್ತೆ ಹಿಂದೆ ತಳ್ಳುತ್ತಿದ್ದೆವು. ವರ್ಷಕ್ಕೆ ಅದರ ಓಟ ಅಷ್ಟೇ. ಐತ ಆ ದಿನ ಹೊಸ ಪಂಚೆ ಉಟ್ಟು ಹಂಸದ ಪಕ್ಕ ನಿಂತಿರುತ್ತಿದ್ದ. ನಾವೆಲ್ಲ ಹೊಗಳುತ್ತಿದ್ದೆವು, ಅವನು ಎಲ್ಲವನ್ನೂ ಬಾಚಿಕೊಳ್ಳುತ್ತಿದ್ದ. ಆದರೆ ಒಮ್ಮೆಯೂ ಒಳಗೆ ಕೂತವನಲ್ಲ.

ಹೋದ ಆಯುಧಪೂಜೆಗೆ ವಿಷ್ಣುತೀರ್ಥರ ಮಗಳು ಸುಮೇಧಾ ಆ ಕಾರಿನ ಫೋಟೋ ತೆಗೆದು ಫೋನಿನಲ್ಲಿ ಎಲ್ಲೋ ಹಾಕಿದಳು. ಅದು ಎಲ್ಲೆಲ್ಲಿ ತಿರುಗಿತೋ, ಒಂದು ಭಾನುವಾರ ಕೀಲ್ಪಾಕಿನಿಂದ ಡಾಕ್ಟರ್ ಪ್ರತಾಪ್ ಎಂಬವರು ಬಂದಿಳಿದರು. ಹಳೆಯ ಕಾರುಗಳ ಹುಚ್ಚು. ಅವರ ತಾಯಿ ಕನ್ನಡದವರಾದ್ದರಿಂದ ಮಾತಿಗೆ ತೊಂದರೆಯಿರಲಿಲ್ಲ. ಷೆಡ್ಡಿನೊಳಗೆ ಹೋದರು. ಕೆಳಗೆ ಬಗ್ಗಿ ಟಾರ್ಚು ಬಿಟ್ಟು ನೋಡಿದರು, ಸುತ್ತು ಬಂದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸುಳ್ಳು ಹೇಳಬಾರದು, ಆ ಕ್ಷಣ ನನಗೆ ಆ ಮನುಷ್ಯನ ಮೇಲೆ ಗೌರವವೇ ಬಂತು.

"ಸಾರ್, ಇದು ಹಾಳಾಗಿಹೋಯ್ತು ಅಂತಲೇ ನಾವೆಲ್ಲ ನೆನಸಿದ್ವಿ. ಇಲ್ಲಿದೆಯಲ್ಲ ಸಾರ್! ಜನವರಿಯಲ್ಲಿ ನಮ್ಮ ಷೋ ಇದೆ. ಲಾರಿ ಮೇಲೆ ತಗೊಂಡ್ ಹೋಗೋಣ," ಎಂದರು ವಿಷ್ಣುತೀರ್ಥರಿಗೆ.

ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಎಷ್ಟು ಚೆನ್ನಾಗಿತ್ತು. ಬದಿಯ ಪಟ್ಟಿಯ ಮೇಲೆ ಬೆರಳಾಡಿಸಿ ತಲೆ ಚಚ್ಚಿಕೊಂಡರು.

"ಆದ್ರೆ ಇದೇನ್ ಸಾರ್ ಅನ್ಯಾಯ? ಯಾವ ಮುಟ್ಟಾಳ್ ಕೆಲಸ ಇದು? ಇಷ್ಟು ಚೆಂದದ ಕ್ರೋಮನ್ನ ಕೆರೆದು ಕೆರೆದು ನಾಶ ಮಾಡಿಟ್ಟಿದಾನೆ! ಕಾರಿನ ಮಾನವೇ ಹೋಯ್ತಲ್ಲ."

ಐತ ಅವರ ಹಿಂದೆಯೇ ನಿಂತಿದ್ದ. ಎರಡು ಲೋಟ ಕಾಫಿ ಹಿಡಿದುಕೊಂಡು. ಆ ಪಟ್ಟಿಯನ್ನು ಈ ಡಾಕ್ಟರು ಯಾವಾಗ ಮುಟ್ಟುತ್ತಾರೆ, ಯಾವಾಗ ಹೊಗಳುತ್ತಾರೆ ಎಂದು ಕಾದಿದ್ದ ಮುಖ ಅದು. ನಾನು ನೋಡಿದೆ.

"ಅದು ಕಲಾಯಿ ಅಲ್ವಾ ಸಾರ್?" ಎಂದು ಕೇಳಿದ.

"ಯಾವ ಕಲಾಯಿ ಪಾ? ಅದೇ ಅಲಂಕಾರ. ಬೆಳ್ಳಿ ಹಾಗೆ ಕಾಣಲಿ ಅಂತ ಬೇಕಂತಲೇ ಹಾಕಿದ್ದು."

ಐತ ಕಾಫಿಯನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದ. ವಿಷ್ಣುತೀರ್ಥರು ಡಾಕ್ಟರ ಕಿವಿಯಲ್ಲಿ ಏನೋ ಹೇಳಿದರು. ಡಾಕ್ಟರ ಮುಖ ಇಂಗು ತಿಂದ ಮಂಗನದಾಯಿತು. ಆದರೇನು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗೆ ಬಂದ ಸಿಟ್ಟಿಗೆ ಏನು ಮಾಡಲೂ ತೋಚಲಿಲ್ಲ. ಅವರ ತಿಂಡಿಯ ತಟ್ಟೆಗೆ ಚಟ್ನಿ ಹಾಕದೆ ಬರೀ ಇಡ್ಲಿ ಕಳಿಸಿದೆ. ಅವರು ಅದನ್ನೂ ತಿಂದು ಹೋದರು.

ಮರುದಿನದಿಂದ ಐತ ನಗಲಿಲ್ಲ. ಪಾತ್ರೆ ತೊಳೆದ, ತರಕಾರಿ ಹೊತ್ತು ತಂದ, ಹೇಳಿದ್ದೆಲ್ಲ ಮಾಡಿದ. ಷೆಡ್ಡಿನ ಕಡೆ ತಲೆ ಎತ್ತಿ ನೋಡಲಿಲ್ಲ. ಬಟ್ಟೆ ಒಣಹಾಕಲು ಷೆಡ್ಡಿನ ಮುಂದೆ ಹೋಗಬೇಕಲ್ಲ, ಅದಕ್ಕೂ ಬೀದಿ ಸುತ್ತಿ ಹೋಗುತ್ತಿದ್ದ. ನಾನು ಬೈದೆ, ಅವನು ತಲೆ ತಗ್ಗಿಸಿದ. ಇನ್ನೂ ಜೋರಾಗಿ ಬೈದೆ. "ಹೌದಕ್ಕ," ಎಂದ. ನನಗೆ ಹೆದರಿಕೆಯಾಯಿತು. ಐತ ಹೌದಕ್ಕ ಎನ್ನುವುದೆಂದರೇನು!

ವಾರ ಕಳೆದ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಂತ. ಕೈಯಲ್ಲಿ ಚೀಲ.

"ಊರಿಗೆ ಹೋಗ್ತೇನೆ ವಿಮಲಕ್ಕ. ತಂಗಿಯ ಮಗಳು ಇದ್ದಾಳೆ, ಅವಳ ಮನೆಯಲ್ಲಿ ಇರ್ತೇನೆ."

"ಯಾವಾಗ ಬರುವುದು?"

"ಇನ್ನು ಬರುವುದಿಲ್ಲ."

"ಎಂತ ಮಾರಾಯ ನಿನ್ನ ಕಥೆ? ಆ ಡಾಕ್ಟರು ಹೇಳಿದ ಒಂದು ಮಾತಿಗೆ ಗಂಟುಮೂಟೆ ಕಟ್ಟುವುದಾ? ಅವರೆಂತ ಬ್ರಹ್ಮನಾ?"

"ಅವರು ಹೇಳಿದ್ದು ಸರಿ ಉಂಟಲ್ಲ ಅಕ್ಕ," ಎಂದ ಐತ. "ರಾಯರು ಪಂಚೆಯಲ್ಲಿ ಒರೆಸ್ತಾ ಇದ್ದ ಕಾರು. ನಾನು ಇಟ್ಟಿಗೆ ಹಾಕಿ ತಿಕ್ಕಿದೆ. ಒಂದು ದಿನ ಅಲ್ಲ, ಇಷ್ಟು ವರ್ಷ. ಪಾತ್ರೆ ಒಡೆದ್ರೆ ಬೇರೆ ತರಬಹುದು. ಇದು ಒಂದೇ ಇದ್ದದ್ದಂತೆ. ನಾನು ಮಾಡಿದ ಕೆಲಸದಲ್ಲಿ ಒಂದು ಒಳ್ಳೇದು ಅಂತ ಇದ್ದದ್ದು ಅದೇ. ಅದೂ ಹಾಳು ಮಾಡಿದ್ದೇ ಆಯ್ತಲ್ಲ."

ನಾನು ವಾಚಾಳಿ ಎಂದು ಬೀದಿಗೆಲ್ಲ ಗೊತ್ತು. ಆ ಹೊತ್ತಿಗೆ ಹೊಳೆದದ್ದು ಇಷ್ಟೇ. "ಅಂಬುಜಮ್ಮನವರಿಗೆ ಹೇಳಿ ಹೋಗು. ಹೇಳದೆ ಹೋದರೆ ಚೆನ್ನಾಗಿರುವುದಿಲ್ಲ," ಎಂದೆ. ಅದಕ್ಕವನು ಇನ್ನೂ ಹೆದರಿದ. "ಅವರ ಮುಖ ಹೇಗೆ ನೋಡುವುದು?" ಎಂದ. ನಾನು ಚೀಲವನ್ನು ಕಿತ್ತುಕೊಂಡು ಮುಂದೆ ನಡೆದೆ. ಚೀಲ ನನ್ನ ಕೈಯಲ್ಲಿದ್ದ ಮೇಲೆ ಅವನು ಹಿಂದೆ ಬರಲೇಬೇಕಲ್ಲ.

ಅಂಬುಜಮ್ಮನವರಿಗೆ ತೊಂಬತ್ತರ ಹತ್ತಿರ. ಕಣ್ಣು ಮಸುಕು, ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ಮಡಿಯ ಮನೆ, ಐತ ತುಳಸಿಕಟ್ಟೆ ದಾಟಿ ಒಳಗೆ ಹೋದವನಲ್ಲ. ನಾನು ಒಳಗೆ ಹೋಗಿ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿದರು. ಮಗನನ್ನು ಕರೆದು, "ವಿಷ್ಣು, ಕೈ ಕೊಡು. ಷೆಡ್ಡಿಗೆ ಹೋಗ್ಬೇಕು," ಎಂದರು. ವಿಷ್ಣುತೀರ್ಥರು ಹಿಡಿದು ನಡೆಸಿಕೊಂಡು ಬಂದರು. ಅಂಬುಜಮ್ಮ ಕಾರಿನ ಬಾಗಿಲು ತೆಗೆಸಿ ಮುಂದಿನ ಸೀಟಿನಲ್ಲಿ ಕೂತರು. ಆಮೇಲೆ ಪಕ್ಕದ ಸ್ಟೀರಿಂಗಿನ ಸೀಟನ್ನು ಕೈಯಿಂದ ತಟ್ಟಿದರು.

"ಐತಾ, ಬಾ ಪಾ. ಇಲ್ಲಿ ಕೂತ್ಕೋ."

"ಅಯ್ಯೋ ಅಮ್ಮ, ನಾನು ಅಲ್ಲಿ…"

"ಕೂತ್ಕೋ ಅಂದ್ನಲ್ಲ. ನಂಗೆ ಕೂಗಿ ಮಾತಾಡೋಕೆ ಶಕ್ತಿ ಇಲ್ಲೆ."

ಐತ ಕಾಲು ಒರೆಸಿಕೊಂಡು, ಮತ್ತೊಮ್ಮೆ ಒರೆಸಿಕೊಂಡು, ಸೀಟಿನ ತುದಿಯಲ್ಲಿ ಕೂತ. ವಿಷ್ಣುತೀರ್ಥರೂ ನಾನೂ ಹೊರಗೆ ನಿಂತಿದ್ದೆವು. ಅವನು ಕೈ ಮುಗಿದು, "ತಪ್ಪಾಯ್ತು ಅಮ್ಮ. ನಂಗೆ ಗೊತ್ತಿರ್ಲಿಲ್ಲ," ಎಂದ.

"ನಿಂಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು," ಎಂದರು ಅಂಬುಜಮ್ಮ.

ನಮಗೆ ಅರ್ಥವಾಗಲಿಲ್ಲ. ಅವರು ತಾವಾಗಿ ಮುಂದುವರಿಸಿದರು.

"ಮೊದಲ್ನೇ ವರ್ಷ, ನೆನಪಿದ್ಯಾ? ನಿನ್ನ ಹೆಂಡ್ತಿ, ಮಗು ಹೋಗಿ ಎರಡು ತಿಂಗ್ಳು ಆಗಿರ್ಬೇಕು. ವಿಮಲಾ, ನಿಮ್ಮ ಮಾವ ಬಂದು ನನ್ನ ಹತ್ರ ಅತ್ರು. 'ಅಮ್ಮಾ, ಇವ್ನು ಊಟ ಬಿಟ್ಟಿದಾನೆ, ಮಾತು ಬಿಟ್ಟಿದಾನೆ. ಬೆಳಗ್ಗೆ ಎದ್ರೆ ಬಾವಿಕಟ್ಟೆ ಹತ್ರ ನಿಂತ್ಕೊಂಡು ಒಳಗೇ ನೋಡ್ತಾ ಇರ್ತಾನೆ. ನಂಗೆ ಭಯ ಆಗುತ್ತೆ,' ಅಂದ್ರು. ನಂಗೇನು ತೋಚುತ್ತೆ? ಹಬ್ಬ ಬಂತಲ್ಲ, ಕಾರ್ ಒರೆಸು ಅಂತ ನಿನ್ನ ಕರೆದೆ. ಬಾವಿಯಿಂದ ದೂರ ಇರ್ಲಿ ಅಂತ ಅಷ್ಟೇ."

ಐತ ಸ್ಟೀರಿಂಗನ್ನೇ ನೋಡುತ್ತಿದ್ದ.

"ಮಧ್ಯಾಹ್ನ ಬಂದು ಪಾರ್ತಾ, ನೋಡಿದ್ರೆ ನೀನು ಇಟ್ಟಿಗೆ ಪುಡಿ ಹಾಕಿ ತಿಕ್ತಾ ಇದ್ದೆ. ಅವರು ಇದ್ದಾಗ ನಾನೂ ಮುಟ್ಟೋ ಹಾಗಿರ್ಲಿಲ್ಲ ಇದನ್ನ. ಅವರು ಹೋಗಿ ವರ್ಷ ತುಂಬಿತ್ತು, ಅವರದು ಅಂತ ನಂಗೆ ಉಳಿದಿದ್ದು ಇದೊಂದೇ. 'ನಿಲ್ಸು!' ಅಂತ ಬಾಯಿ ತೆಗೆದೆ. ನೀನು ಹಿಂದೆ ತಿರುಗಿ ನೋಡಿದೆ. ನಕ್ಕೆ ನೀನು, ಐತಾ. 'ಅಮ್ಮಾ, ಯಾರೋ ದಡ್ಡ ಹೊರಗೆ ಕಲಾಯಿ ಹಾಕಿದ್ದಾನೆ, ಅಡಿಯಲ್ಲಿ ನೋಡಿ, ಚಿನ್ನದ ಹಾಗೆ ಉಂಟು!' ಅಂದೆ. ಎರಡು ತಿಂಗ್ಳಲ್ಲಿ ನಿನ್ನ ಬಾಯಿಂದ ಬಂದ ಮೊದಲ್ನೇ ಮಾತು ಪಾ ಅದು. ನಾನೇನ್ ಅಂದೆ, ಜ್ಞಾಪಕ ಇದ್ಯಾ?"

ಐತನ ದನಿ ನಮಗೆ ಕೇಳಿಸಿದ್ದೇ ಕಷ್ಟ. "'ಹೌದಲ್ಲ, ಆ ಕಡೆ ಇನ್ನೂ ಉಂಟು ನೋಡು, ತಿಕ್ಕು' ಅಂದ್ರಿ."

"ಅಂದೆ. ಗೊತ್ತಿದ್ದೇ ಅಂದೆ. ವರ್ಷಾ ವರ್ಷಾ ಗೊತ್ತಿದ್ದೇ ಅಂದೆ."

"ಅಮ್ಮಾ! ಅಪ್ಪನ ಕಾರು!" ಎಂದರು ವಿಷ್ಣುತೀರ್ಥರು, ಅವರ ಅರವತ್ತು ವರ್ಷ ಎಲ್ಲಿ ಹೋಯಿತೋ.

"ನಿಮ್ಮಪ್ಪ ಇದ್ದಿದ್ರೆ ನನ್ನ ಜೊತೆ ಆರು ತಿಂಗ್ಳು ಮಾತು ಬಿಡ್ತಿದ್ರು. ಬಿಡ್ಲಿ. ಆ ಡಾಕ್ಟರ್ ಏನಂತಾನೆ? ಬೆಳ್ಳಿ ಹೋದ್ರೆ ಮತ್ತೆ ಹಾಕಿಸ್ಬಹುದು ಅಂತ ನಿಂಗೆ ಫೋನಲ್ಲಿ ಹೇಳಿದಾನಲ್ಲ? ಹಾಂ. ಹಾಕಿಸ್ಕೊಳ್ಳಲಿ. ಈ ಹುಡುಗ ಹೋಗಿದ್ರೆ ಯಾರ್ ಹಾಕಿಸಿ ಕೊಡ್ತಿದ್ರು?"

ಅರವತ್ತೈದರ ಐತ ಆ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತ. ಬಿಕ್ಕಿ ಬಿಕ್ಕಿ, ಮಕ್ಕಳು ಅಳುವ ಹಾಗೆ. "ಅಪ್ಪಿ" ಎಂದ. ನಾನು ಈ ಮನೆಗೆ ಬಂದಂದಿನಿಂದ ಅವನ ಬಾಯಲ್ಲಿ ಆ ಹೆಸರು ಕೇಳಿರಲಿಲ್ಲ. ಅಂಬುಜಮ್ಮ ಅವನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತರು, ಮಡಿಯೆಲ್ಲ ಮರೆತು. ನಾನು ಅವನ ಚೀಲವನ್ನು ಎದೆಗವಚಿಕೊಂಡು ಗೋಡೆಯ ಕಡೆ ತಿರುಗಿ ನಿಂತೆ. ಅಳು ಬಂತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಅಂದು ಐತ ಊರಿಗೆ ಹೋಗಲಿಲ್ಲ. ಚೀಲವನ್ನು ನಾನು ಕೊಟ್ಟರೆ ತಾನೇ?

ಮರುದಿನ ಬೆಳಗ್ಗೆ ನಾನು ಒಲೆ ಹಚ್ಚುವ ಹೊತ್ತಿಗೆ ಷೆಡ್ಡಿನಿಂದ ಸದ್ದು ಬಂತು. ಹೋಗಿ ನೋಡಿದರೆ ಐತ ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕೂತಿದ್ದ. ಬದಿಯ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಹಳೆಯ ಮೃದುವಾದ ಪಂಚೆಯ ತುಂಡಿನಲ್ಲಿ ಸುತ್ತಿ ಇಡುತ್ತಿದ್ದ. ಹಂಸವನ್ನು ಕೊನೆಗೆ ಬಿಚ್ಚಿದ. ಅದರ ಬೆನ್ನನ್ನು ಅಂಗೈಯಿಂದ ಒಂದು ಸಲ ಸವರಿ, ಅದನ್ನೂ ಸುತ್ತಿದ. ನಾನು ಒಂದು ಲೋಟ ಕಾಫಿ ತಂದು ಪಕ್ಕದಲ್ಲಿಟ್ಟೆ.

ಡಾಕ್ಟರ್ ಪ್ರತಾಪ್ ಹತ್ತು ಗಂಟೆಗೆ ಬಂದರು, ವಿಷ್ಣುತೀರ್ಥರು ಫೋನು ಮಾಡಿರಬೇಕು. ಐತನ ಎದುರು ನಿಂತು ಕೈ ಹಿಸುಕಿಕೊಂಡರು. "ಆವತ್ತು ಗೊತ್ತಿಲ್ಲದೆ ಮಾತಾಡಿಬಿಟ್ಟೆ, ಮನಸ್ಸಿಗೆ ಹಾಕ್ಕೋಬೇಡಿ. ನೀವು ಬೇಡ ಅಂದ್ರೆ ಹೀಗೇ ಇರಲಿ, ಹಳದೀನೇ ಇರಲಿ. ನಾನು ಷೋದವರಿಗೆ ಹೇಳ್ಕೋತೀನಿ," ಎಂದರು. ಆ ಮಾತಿಗಾಗಿ ನಾನು ಅವರ ಇಡ್ಲಿಗೆ ಚಟ್ನಿ ಮಂಜೂರು ಮಾಡಿದೆ.

ಐತ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಅವರ ಕೈಗೆ ಕೊಟ್ಟ.

"ಕಲಾಯಿ ಹಾಕಿಸಿ ಸಾರ್. ಹೊರಗೇ ಹಾಕಿಸಿ. ರಾಯರ ಕಾರು ಹೇಗಿತ್ತೋ ಹಾಗೇ ಆಗ್ಲಿ. ನಂಗೆ ಬೇಕಾದ್ದು ಅದು ಆಗ್ಲೇ ಕೊಟ್ಟಾಗಿದೆ."

ಷೋಗೆ ಇನ್ನೂ ದಿನವಿದೆ. ಲಾರಿಯ ಮೇಲೆ ಕಾರು ಹೋಗುವಾಗ ಐತ ಸ್ಟೀರಿಂಗಿನ ಮುಂದೆ ಕೂರಬೇಕೆಂದು ಅಂಬುಜಮ್ಮನವರ ಆಜ್ಞೆಯಾಗಿದೆ. ಬೇಡ ಎನ್ನುವ ಧೈರ್ಯ ಈ ಬೀದಿಯಲ್ಲಿ ಯಾರಿಗೂ ಇಲ್ಲ.

ಡಾಕ್ಟರು ಹೋದ ಮೇಲೆ ಐತ ಅಡುಗೆಮನೆಗೆ ಬಂದ. ಕೈಯಲ್ಲಿ ಒಂದು ಹಳೆಯ ಡಬ್ಬಿ. ಮುಂದಿನ ಆಯುಧಪೂಜೆಗೆಂದು ಅವನು ಎತ್ತಿಟ್ಟುಕೊಂಡಿದ್ದ ಹುಣಸೆಹಣ್ಣು.

"ಇದು ಇನ್ನು ಬೇಡ ವಿಮಲಕ್ಕ. ಸಾರಿಗೆ ಹಾಕಿ," ಎಂದ. ನಕ್ಕ.

ಪಾತ್ರೆ ತಿಕ್ಕುವ ಹಳೆಯ ಹುಣಸೆ, ಕಪ್ಪಗೆ ಇದ್ದಿಲಿನ ಹಾಗಿತ್ತು. ಹೋಟೆಲಿನ ಸಾರಿಗೆ ಅದನ್ನು ಯಾರಾದರೂ ಹಾಕುತ್ತಾರೆಯೇ? ನಾನು ಹಾಕಿದೆ. ಮಧ್ಯಾಹ್ನ ಒಬ್ಬ ಗಿರಾಕಿ ಸಾರು ಯಾಕೆ ಇಷ್ಟು ಕಪ್ಪಗಿದೆ ಎಂದು ಕೇಳಿದ. ಸುಮ್ಮನೆ ಉಣ್ಣಿ ಎಂದೆ.